ಬಿಡಿಭಾಗಗಳಿಂದ ಹುಟ್ಟಿದ ನೌಕೆ: ಲೆಗೊ ಮಿಲೇನಿಯಮ್ ಫಾಲ್ಕನ್ 75192

ವಿಜ್ಞಾನ ಕಾಲ್ಪನಿಕ ಚಿತ್ರಗಳಲ್ಲಿ ಕಂಡ ಅಂತರಿಕ್ಷ ನೌಕೆಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸ್ಟಾರ್ ವಾರ್ಸ್ ಚಿತ್ರಮಾಲೆಯ ಮಿಲೇನಿಯಮ್ ಫಾಲ್ಕನ್. ಅದನ್ನು ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಜೋಡಿಸಿ ಕಟ್ಟುವ ಆಟಿಕೆಗಳ ಲೆಗೊ ಕಂಪನಿ ಹಲವು ಗಾತ್ರಗಳಲ್ಲಿ ಮಾಡಿ ಮಾರಿದೆ. ಅವುಗಳಲ್ಲಿ ಅತಿ ದೊಡ್ಡದು 2017ರಲ್ಲಿ ಬಿಡುಗಡೆಯಾದ, 75192 ಎಂಬ ಸಂಖ್ಯೆಯ, 7541 ತುಣುಕುಗಳ ಸೆಟ್. ಜೋಡಿಸಿ ಮುಗಿಸಿದಾಗ ಇದು ಸುಮಾರು 84 ಸೆಂಟಿಮೀಟರ್ ಉದ್ದ, 56 ಸೆಂಟಿಮೀಟರ್ ಅಗಲ, 21 ಸೆಂಟಿಮೀಟರ್ ಎತ್ತರ ಇರುತ್ತದೆ. ಇಷ್ಟು ದೊಡ್ಡ, ಇಷ್ಟು ದುಬಾರಿಯಾದ ವಸ್ತುವಿನ ವಿಮರ್ಶೆಯನ್ನು ಗಾತ್ರದ ವರ್ಣನೆಯಲ್ಲಿಯೇ ಮುಗಿಸಿಬಿಡಬಹುದು. ನಾನು ಇದನ್ನು ಮೆಚ್ಚುವುದು ಬೇರೊಂದು ಕಾರಣಕ್ಕೆ: ಚಿತ್ರಕ್ಕಾಗಿ ಮೂಲ ನೌಕೆಯನ್ನು ಹೇಗೆ ಕಟ್ಟಿದರೋ ಈ ಮಾದರಿಯನ್ನೂ ನಾವು ಹೆಚ್ಚುಕಡಿಮೆ ಹಾಗೆಯೇ ಕಟ್ಟುತ್ತೇವೆ, ಮತ್ತು ಆ ಕಟ್ಟುವ ಕ್ರಮದಲ್ಲಿಯೇ ನೌಕೆಯ ಸೌಂದರ್ಯದ ಗುಟ್ಟಿದೆ.

ಆ ಮೂಲದ ಕಥೆಯನ್ನು ಸ್ವಲ್ಪ ಹೇಳಬೇಕು. 1975ರಲ್ಲಿ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ ಆರಂಭವಾದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಎಂಬ ವಿಶೇಷ ದೃಶ್ಯಪರಿಣಾಮಗಳ ಕಾರ್ಯಾಗಾರದಲ್ಲಿ ಕಥೆಯ ಹಾನ್ ಸೋಲೊನ ನೌಕೆಗೆ, ಅಂದರೆ ಫಾಲ್ಕನ್ನಿಗೆ, ಮೊದಲು ಸಿದ್ಧವಾದ ರೂಪವೇ ಬೇರೆ. ಅದು ಉದ್ದನೆಯ ದೇಹ, ಹಿಂಬದಿಯಲ್ಲಿ ಎಂಜಿನ್‌ಗಳ ಗೊಂಚಲು, ಮುಂತುದಿಯಲ್ಲಿ ಕಾಕ್‌ಪಿಟ್ ಇದ್ದ ನೌಕೆ. ಅದೇ ವರ್ಷ ಬ್ರಿಟನ್ನಿನ ಕಿರುತೆರೆಯಲ್ಲಿ ಬಂದ ಸ್ಪೇಸ್: 1999 ಸರಣಿಯ ಈಗಲ್ ನೌಕೆಗೆ ಇದು ತೀರ ಹೋಲುತ್ತದೆ ಎನ್ನಿಸಿದ್ದರಿಂದ ಸ್ಟಾರ್ ವಾರ್ಸ್ ನಿರ್ದೇಶಕ ಜಾರ್ಜ್ ಲ್ಯೂಕಸ್ ಆ ವಿನ್ಯಾಸವನ್ನು ಕೈಬಿಟ್ಟರು. ಮಾದರಿ ವ್ಯರ್ಥವಾಗಲಿಲ್ಲ, ಚಿತ್ರದ ಮೊದಲ ದೃಶ್ಯದಲ್ಲಿ ಸೆರೆಸಿಕ್ಕುವ ಬಂಡುಕೋರರ ನೌಕೆಯಾಗಿ ಅದು ಬದಲಾಯಿತು. ಆ ದೃಶ್ಯದಲ್ಲಿ ಅದನ್ನು ಅಟ್ಟಿಸಿಕೊಂಡು ಬಂದು ಇಡೀ ತೆರೆಯನ್ನು ಮುಚ್ಚಿಬಿಡುವ ದೈತ್ಯ ನೌಕೆಯ ಮಾದರಿ ಕೇವಲ 3 ಅಡಿ ಉದ್ದದ್ದು, ಓಡಿಹೋಗುವ ಪುಟ್ಟ ನೌಕೆಯ ಮಾದರಿಯೇ ಅದಕ್ಕಿಂತ ಎಷ್ಟೋ ದೊಡ್ಡದು ಎಂಬುದನ್ನು ತಿಳಿದ ಮೇಲೆ ಆ ದೃಶ್ಯವನ್ನು ನೋಡುವಾಗ ಮಾದರಿಕಾರರ ಮೇಲಿನ ಗೌರವ ಇಮ್ಮಡಿಯಾಗುತ್ತದೆ.

ಹೊಸ ನೌಕೆಯನ್ನು ಕೆಲವೇ ವಾರಗಳಲ್ಲಿ ರೂಪಿಸುವ ಹೊಣೆ ಕಾರ್ಯಾಗಾರದ ವಿನ್ಯಾಸಕಾರ ಜೋ ಜಾನ್‌ಸ್ಟನ್ ಅವರ ಮೇಲೆ ಬಿತ್ತು. ಚಪ್ಪಟೆಯಾದ ದುಂಡು ದೇಹ, ಮುಂದಕ್ಕೆ ಚಾಚಿದ ಎರಡು ಕೊಂಬುಗಳು, ಬಲಕ್ಕೆ ಸರಿದು ಕೂತ ಕಾಕ್‌ಪಿಟ್ ಇರುವ ಇಂದಿನ ಫಾಲ್ಕನ್ ಹಾಗೆ ಹುಟ್ಟಿತು. ಹಳೆಯ ಮಾದರಿಯ ಶಂಕುವಿನಾಕಾರದ ಕಾಕ್‌ಪಿಟ್ ಮತ್ತು ಡಿಶ್ ಆಂಟೆನಾ ಹೊಸದಕ್ಕೆ ವರ್ಗವಾದವು. ಸುಮಾರು 5 ಅಡಿ ಉದ್ದದ ಈ ಮಾದರಿಯ ಮೈಮೇಲೆ ಕಾಣುವ ಕೊಳವೆ, ಪೆಟ್ಟಿಗೆ, ಜಾಲರಿಗಳೆಲ್ಲ ಅಂಗಡಿಯಲ್ಲಿ ಸಿಗುತ್ತಿದ್ದ ಪ್ಲಾಸ್ಟಿಕ್ ಕಿಟ್‌ಗಳಿಂದ ಬಂದವು. ಯುದ್ಧ ಟ್ಯಾಂಕ್, ಕಾರು, ವಿಮಾನಗಳ ಕಿಟ್‌ಗಳನ್ನು ಬಿಚ್ಚಿ, ಬೇಕಾದ ಚೂರನ್ನು ಹೆಕ್ಕಿ, ಅದು ಮೂಲದಲ್ಲಿ ಏನಾಗಿತ್ತು ಎಂಬುದು ಗುರುತು ಸಿಗದ ಹಾಗೆ ಅಂಟಿಸಿದರು. ಮಾದರಿಕಾರರು ಇದನ್ನು ಕಿಟ್‌ಬ್ಯಾಶಿಂಗ್ ಎನ್ನುತ್ತಾರೆ. ಹೀಗೆ ಮಾಡಿದ್ದರಿಂದ ನೌಕೆಗೆ ಒಂದು ಚರಿತ್ರೆ ಬಂದಂತಾಯಿತು. ಯಾರೋ ಒಬ್ಬ ಯಾವಾಗಲೋ ಇಲ್ಲೊಂದು ಕೊಳವೆ ಬದಲಾಯಿಸಿದ್ದಾನೆ, ಅಲ್ಲೊಂದು ತಗಡು ಹಾರಿಹೋದದ್ದನ್ನು ಮುಚ್ಚದೆ ಹಾಗೇ ಬಿಟ್ಟಿದ್ದಾನೆ ಎಂದು ನೋಡುಗ ತಾನಾಗಿಯೇ ಊಹಿಸಿಕೊಳ್ಳುತ್ತಾನೆ. ಹೆದ್ದಾರಿಯಲ್ಲಿ ದುಡಿದು ದುಡಿದು ಸವೆದ, ಆದರೂ ಮಾಲೀಕನಿಗೆ ಅಚ್ಚುಮೆಚ್ಚಾದ ಸರಕು ಲಾರಿಯ ಹಾಗೆ ಅದು ಕಾಣುತ್ತದೆ. ಕಥೆಯಲ್ಲಿಯೂ ಅದು ಸರಕು ನೌಕೆಯೇ.

ಎಲ್ಲ ಒಳ್ಳೆಯ ನೌಕೆಗಳೂ ಈ ದಾರಿಯಲ್ಲಿ ಹುಟ್ಟಿದವಲ್ಲ. 1966ರಲ್ಲಿ ಪ್ರಸಾರ ಆರಂಭವಾದ ಸ್ಟಾರ್ ಟ್ರೆಕ್ ಕಿರುತೆರೆ ಸರಣಿಗಾಗಿ ಮ್ಯಾಟ್ ಜೆಫರೀಸ್ ರೂಪಿಸಿದ ಎಂಟರ್‌ಪ್ರೈಸ್ ಇದಕ್ಕೆ ನೇರ ವಿರುದ್ಧ. ಯಂತ್ರಗಳನ್ನು ಹೊರಮೈಯಲ್ಲಿ ಏಕೆ ಇಡಬೇಕು, ಒಳಗಿಟ್ಟರೆ ಸಿಬ್ಬಂದಿ ಒಳಗಿನಿಂದಲೇ ದುರಸ್ತಿ ಮಾಡಬಹುದಲ್ಲ ಎಂಬ ತರ್ಕದಿಂದ ಅವರು ಅದರ ಹೊರಮೈಯನ್ನು ನುಣುಪಾಗಿಸಿದರು. ಅಪಾರ ಶಕ್ತಿಯ ಎಂಜಿನ್‌ಗಳು ಜನರಿಂದ ದೂರವಿರಲೆಂದು ಅವನ್ನು ಉದ್ದನೆಯ ಕಂಬಗಳ ತುದಿಯಲ್ಲಿ ಇಟ್ಟರು. 1968ರ 2001: ಎ ಸ್ಪೇಸ್ ಒಡಿಸ್ಸಿ ಚಿತ್ರದ ಡಿಸ್ಕವರಿಯಲ್ಲಿಯೂ ಅಂಥದೇ ತರ್ಕವಿದೆ: ಅಣು ಎಂಜಿನ್ ಒಂದು ತುದಿಗೆ, ಸಿಬ್ಬಂದಿಯ ಗೋಳ ಇನ್ನೊಂದು ತುದಿಗೆ, ನಡುವೆ ಬೆನ್ನೆಲುಬಿನಂಥ ಉದ್ದನೆಯ ತೊಲೆ. ಎಂಜಿನ್ನಿನ ಶಾಖವನ್ನು ಹೊರಹಾಕಲು ಬೇಕಾದ ದೊಡ್ಡ ರೇಡಿಯೇಟರ್‌ಗಳು ಮೊದಲ ರೇಖಾಚಿತ್ರಗಳಲ್ಲಿದ್ದವು. ಪ್ರೇಕ್ಷಕರು ಅವನ್ನು ರೆಕ್ಕೆಗಳೆಂದು ಭಾವಿಸಿಬಿಡಬಹುದೆಂದು ಕೊನೆಗೆ ಕೈಬಿಟ್ಟರು. ಈ ಎರಡು ನೌಕೆಗಳ ಮೇಲೂ ನನಗೆ ಅಪಾರ ಮೆಚ್ಚುಗೆಯಿದೆ. ಆದರೆ ಎಂಟರ್‌ಪ್ರೈಸ್‌ನ ತಟ್ಟೆಯಂಥ ನುಣುಪು ಬಾಗು ಚೌಕ ಇಟ್ಟಿಗೆಗಳಲ್ಲಿ ಎಷ್ಟೇ ಜಾಣತನದಿಂದ ಕಟ್ಟಿದರೂ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಫಾಲ್ಕನ್ನಿಗೆ ಆ ತೊಡಕಿಲ್ಲ. ಮೈಯೆಲ್ಲ ಉಬ್ಬುತಗ್ಗು ಇರುವ ನೌಕೆಗೆ ಇನ್ನೊಂದಿಷ್ಟು ಉಬ್ಬುತಗ್ಗು ಭೂಷಣವೇ. ಅದಕ್ಕೇ ಲೆಗೊ ಎಂಬ ಮಾಧ್ಯಮಕ್ಕೆ ಇದಕ್ಕಿಂತ ಸೂಕ್ತವಾದ ನೌಕೆ ಇನ್ನೊಂದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಈಗ ಸೆಟ್‌ನ ವಿಷಯ. ಜೋಡಣೆ ಆರಂಭವಾಗುವುದು ರಂಧ್ರಗಳಿರುವ, ಪಿನ್‌ಗಳಿಂದ ಜೋಡಿಸುವ ಟೆಕ್ನಿಕ್ ತೊಲೆಗಳ ಅಸ್ಥಿಪಂಜರದಿಂದ. ಈ ಹಂತದಲ್ಲಿ ಕೈಯಲ್ಲಿರುವುದು ಯಾವ ನೌಕೆಯಂತೆಯೂ ಕಾಣುವುದಿಲ್ಲ, ಮತ್ತು ಇಲ್ಲಿ ಒಂದು ಪಿನ್ ತಪ್ಪು ರಂಧ್ರಕ್ಕೆ ಹೋದರೆ ಅದು ಬಹಳ ಮುಂದೆ, ಮೇಲ್ಮೈಯ ಫಲಕವೊಂದು ಕೂರದೇ ಹೋದಾಗ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಪ್ರತಿ ಪುಟದ ಕೊನೆಯಲ್ಲಿ ಚಿತ್ರದೊಂದಿಗೆ ಒಮ್ಮೆ ಹೋಲಿಸಿ ನೋಡಿಕೊಂಡು ಮುಂದುವರಿಯುವುದು ಒಳ್ಳೆಯದು. ಆಮೇಲೆ ಒಳಕೋಣೆಗಳು, ಕೊಂಬುಗಳು, ಅಂಚಿನ ಗೋಡೆಗಳು, ಕಡೆಗೆ ಮೇಲಿನ ಫಲಕಗಳು ಬರುತ್ತವೆ.

ಈ ಸೆಟ್‌ನ ನಿಜವಾದ ಸೊಗಸು ಇರುವುದು ಅಂಚಿನ ಗೋಡೆಗಳಲ್ಲಿ. ನೌಕೆಯ ಮೇಲ್ತಟ್ಟೆ ಮತ್ತು ಕೆಳತಟ್ಟೆಗಳ ನಡುವಿನ ಆ ಕಿರಿದಾದ ಪಟ್ಟಿಯಲ್ಲಿ ಮೂಲ ಮಾದರಿಕಾರರು ಕಿಟ್‌ಗಳ ಚೂರುಗಳನ್ನು ತುಂಬಿದ್ದರು; ಲೆಗೊ ವಿನ್ಯಾಸಕಾರರೂ ಇಲ್ಲಿ ಅದನ್ನೇ ಮಾಡಿದ್ದಾರೆ. ಬೇರೆ ಸೆಟ್‌ಗಳಲ್ಲಿ ಉಪಕರಣವೋ ಹಿಡಿಕೆಯೋ ಆಗಿ ಬರುವ ಸಣ್ಣ ಸಣ್ಣ ತುಣುಕುಗಳು ಇಲ್ಲಿ ಮಗ್ಗುಲಾಗಿಯೋ ತಲೆಕೆಳಗಾಗಿಯೋ ಕುಳಿತು ಯಂತ್ರಭಾಗಗಳಾಗುತ್ತವೆ. ಒಂದೇ ಬಗೆಯ ಜೋಡಣೆಯನ್ನು ಮತ್ತೆ ಮತ್ತೆ ಮಾಡಬೇಕಾದಾಗ ಬೇಸರ ಬರಬೇಕಿತ್ತು; ನನಗೆ ಮಾತ್ರ ವ್ಯಾನ್ ನೈಸ್‌ನ ಆ ಬೆಂಚುಗಳ ಮುಂದೆ ಕುಳಿತವರು ಅನುಭವಿಸಿರಬಹುದಾದ ಸಂತೋಷದ ಒಂದು ಪಾಲು ಇಲ್ಲಿ ಸಿಕ್ಕಿತು. ನೌಕೆಯ ತಳವನ್ನೂ ಇಷ್ಟೇ ಶ್ರದ್ಧೆಯಿಂದ ಮಾಡಿದ್ದಾರೆ. ಮೇಜಿನ ಮೇಲಿಟ್ಟರೆ ಯಾರಿಗೂ ಕಾಣದ ಭಾಗದಲ್ಲಿ ಇಷ್ಟು ಕೆಲಸ ಮಾಡಿರುವುದು ವಿನ್ಯಾಸಕಾರರ ಪ್ರಾಮಾಣಿಕತೆಗೆ ಸಾಕ್ಷಿ.

ಪ್ರಮಾಣವೂ ಸರಿಯಾಗಿದೆ. ಕಥೆಯ ಪ್ರಕಾರ ನೌಕೆಯ ಉದ್ದ ಸುಮಾರು 35 ಮೀಟರ್. ಲೆಗೊ ಗೊಂಬೆಯ ಎತ್ತರ ಸುಮಾರು 4 ಸೆಂಟಿಮೀಟರ್. ಲೆಕ್ಕ ಹಾಕಿದರೆ ನೌಕೆಯೂ ಗೊಂಬೆಯೂ ಹೆಚ್ಚುಕಡಿಮೆ ನಲವತ್ತರಲ್ಲಿ ಒಂದು ಪಾಲಿಗೆ ಇಳಿದಿರುವುದು ಕಾಣುತ್ತದೆ. ಕಾಕ್‌ಪಿಟ್‌ನ ಮುಚ್ಚಳ ತೆಗೆದು ನಾಲ್ವರನ್ನು ಕೂರಿಸಿದಾಗ, ಆ ಪುಟ್ಟ ಗೂಡು ಎಷ್ಟು ಬದಿಗಿದೆ, ಅಲ್ಲಿಂದ ನೌಕೆಯ ಎಡಭಾಗವನ್ನು ನೋಡುವುದು ಎಷ್ಟು ಕಷ್ಟ ಎಂಬುದು ಚಿತ್ರದಲ್ಲಿ ಎಂದೂ ಹೊಳೆಯದಷ್ಟು ಸ್ಪಷ್ಟವಾಗಿ ಹೊಳೆಯುತ್ತದೆ. ವಿಮಾನ ವಿನ್ಯಾಸದ ದೃಷ್ಟಿಯಿಂದ ಇದು ದೋಷವೇ ಇರಬಹುದು. ಆದರೆ ಈ ಓರೆಯಿಲ್ಲದೆ ಫಾಲ್ಕನ್ ಇಲ್ಲ. ಕಾಕ್‌ಪಿಟ್ ನಡುವೆ ಇದ್ದಿದ್ದರೆ ಅದು ಹಾರುವ ತಟ್ಟೆಗಳ ಸಾಲಿಗೆ ಸೇರಿ ಮರೆತುಹೋಗುತ್ತಿತ್ತು.

ಸೆಟ್‌ನಲ್ಲಿ ಎರಡು ಆಂಟೆನಾಗಳಿವೆ, ದುಂಡಗಿನದೊಂದು, ಆಯತಾಕಾರದ್ದೊಂದು. 1983ರ ರಿಟರ್ನ್ ಆಫ್ ದ ಜೆಡೈ ಚಿತ್ರದ ಕೊನೆಯ ಕದನದಲ್ಲಿ ದುಂಡಗಿನ ಆಂಟೆನಾ ಬಡಿದು ಕಿತ್ತುಹೋಗುತ್ತದೆ. 2015ರ ದ ಫೋರ್ಸ್ ಅವೇಕನ್ಸ್ ಚಿತ್ರದಲ್ಲಿ ನೌಕೆ ಮತ್ತೆ ಕಂಡಾಗ ಅಲ್ಲಿ ಆಯತಾಕಾರದ ಆಂಟೆನಾ ಇರುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರವೂ ಆ ಹಾನಿಯನ್ನು ಮರೆಯದೆ ನೆನಪಿಟ್ಟುಕೊಂಡ ವಿನ್ಯಾಸಕಾರರನ್ನು ಎಷ್ಟು ಮೆಚ್ಚಿದರೂ ಸಾಲದು. ಹಾನ್, ಚ್ಯೂಬಾಕಾ, ಲೇಯಾ, ಸಿ-3ಪಿಒ ಇರುವ ಹಳೆಯ ತಂಡಕ್ಕೆ ದುಂಡಗಿನದು, ವಯಸ್ಸಾದ ಹಾನ್, ರೇ, ಫಿನ್, ಬಿಬಿ-8 ಇರುವ ಹೊಸ ತಂಡಕ್ಕೆ ಆಯತದ್ದು ಎಂದು ಸೆಟ್ ಆಯ್ಕೆ ಕೊಡುತ್ತದೆ. ಆದರೆ ಒಂದು ಕೊರತೆಯನ್ನು ಹೇಳಲೇಬೇಕು. 1977ರ ಮೊದಲ ಚಿತ್ರದಲ್ಲಿ ನೌಕೆಗೆ ಮೂರೇ ಕಾಲುಗಳಿದ್ದವು. ಎರಡನೆಯ ಚಿತ್ರಕ್ಕೆ ಪೂರ್ಣ ಗಾತ್ರದ ನೌಕೆಯನ್ನು ಕಟ್ಟಿದಾಗ ಮುಂಭಾಗದಲ್ಲಿ ಇನ್ನೆರಡು ಕಾಲುಗಳೂ ಅವನ್ನು ಮಡಚಿಡುವ ಪೆಟ್ಟಿಗೆಗಳೂ ಸೇರಿಕೊಂಡವು. ಲೆಗೊ ಅನುಸರಿಸಿರುವುದು ಆ ನಂತರದ ರೂಪವನ್ನು. ಹೀಗಾಗಿ ಯಾವ ಆಂಟೆನಾ ಹಾಕಿದರೂ ಮೊದಲ ಚಿತ್ರದ ನೌಕೆ ತದ್ವತ್ತಾಗಿ ಸಿಗುವುದಿಲ್ಲ. ಹೆಚ್ಚಿನವರಿಗೆ ಇದು ಮುಖ್ಯವಾಗಲಾರದು. ಮೊದಲ ಚಿತ್ರದ ಫಾಲ್ಕನ್ನೇ ಬೇಕೆನ್ನುವವರು ತಿಳಿದಿರಲಿ.

ಒಳಾಂಗಣದ ಬಗ್ಗೆ ನನ್ನ ಮೆಚ್ಚುಗೆ ಅಷ್ಟಿಲ್ಲ. ಮುಂದಿನ ಕೋಣೆಯಲ್ಲಿ ಡೆಜಾರಿಕ್ ಆಟದ ಮೇಜು, ಆಸನಗಳು, ಎಂಜಿನಿಯರಿಂಗ್ ಫಲಕ ಇವೆ. ಹಿಂದಿನ ಕೋಣೆಯಲ್ಲಿ ನೌಕೆಯ ಅತಿವೇಗದ ಎಂಜಿನ್ ಆದ ಹೈಪರ್‌ಡ್ರೈವ್ ಇದೆ, ನೆಲದಡಿಯ ಕಳ್ಳ ಖಾನೆಯೂ ಇದೆ. ಮೇಲಿನ ಬಂದೂಕಿನ ಗೂಡಿನಲ್ಲಿ ಒಬ್ಬನನ್ನು ಕೂರಿಸಬಹುದು. ಒಂದೊಂದೂ ಚೆನ್ನಾಗಿದ್ದರೂ ಇವುಗಳ ನಡುವೆ ನಡೆದುಹೋಗುವ ದಾರಿಯಿಲ್ಲ; ಕಾಕ್‌ಪಿಟ್‌ಗೆ ಹೋಗುವ ಆ ಬಾಗಿದ ಓಣಿಯ ಬಾಗಿಲು ಮಾತ್ರ ಇದೆ, ಓಣಿಯಿಲ್ಲ. ಇದರ ತಪ್ಪನ್ನು ಪೂರ್ತಿಯಾಗಿ ಲೆಗೊ ಮೇಲೆ ಹೊರಿಸುವಂತಿಲ್ಲ. ಚಿತ್ರೀಕರಣದಲ್ಲಿಯೇ ಹೊರಾಂಗಣ ಮತ್ತು ಒಳಾಂಗಣದ ಸೆಟ್‌ಗಳನ್ನು ಬೇರೆ ಬೇರೆಯಾಗಿ ಕಟ್ಟಿದ್ದರು, ಮತ್ತು ಆ ಒಳಾಂಗಣ ಆ ಹೊರಾಂಗಣದೊಳಗೆ ಹಿಡಿಸುವುದೇ ಇಲ್ಲ. ಮೊದಲ ಚಿತ್ರಕ್ಕೆ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಹೊರಮೈಯನ್ನು ಅರ್ಧ ಮಾತ್ರ ಕಟ್ಟಿದ್ದರು. ಅದನ್ನು ಅಲುಗಾಡಿಸಲಾಗದ್ದರಿಂದ ನೌಕೆಯನ್ನು ಇದ್ದಲ್ಲೇ ಬಿಟ್ಟು, ಸುತ್ತಲಿನ ಮರುಭೂಮಿ ನಗರದ ನಿಲ್ದಾಣವನ್ನು ಕಳಚಿ, ಶತ್ರುಗಳ ದೈತ್ಯ ಅಂತರಿಕ್ಷ ಕೇಂದ್ರವಾದ ಡೆತ್ ಸ್ಟಾರ್‌ನ ಹ್ಯಾಂಗರ್ ಕಟ್ಟಿದರು. ಪೂರ್ಣ ನೌಕೆ ಸಿದ್ಧವಾದದ್ದು ಎರಡನೆಯ ಚಿತ್ರಕ್ಕಾಗಿ, ವೇಲ್ಸ್‌ನ ಪೆಂಬ್ರೋಕ್ ಡಾಕ್ ಪಟ್ಟಣದಲ್ಲಿ, ಹಿಂದೆ ಹಾರುವ ದೋಣಿಗಳನ್ನು ನಿಲ್ಲಿಸುತ್ತಿದ್ದ ಹ್ಯಾಂಗರ್ ಒಂದರಲ್ಲಿ.

ಬಣ್ಣದ ವಿಷಯದಲ್ಲಿಯೂ ನನಗೆ ಪೂರ್ಣ ಸಮಾಧಾನವಿಲ್ಲ. ಸ್ಟಾರ್ ವಾರ್ಸ್ ಅಂತರಿಕ್ಷ ಚಿತ್ರಗಳಿಗೆ ಕೊಟ್ಟ ದೊಡ್ಡ ಕೊಡುಗೆ ಕೊಳೆ. ಅದಕ್ಕೂ ಮುಂಚಿನ ನೌಕೆಗಳು ಬಹುಮಟ್ಟಿಗೆ ನಿನ್ನೆ ತಾನೇ ಕಾರ್ಖಾನೆಯಿಂದ ಹೊರಬಂದಂತಿದ್ದವು. ಫಾಲ್ಕನ್ನಿನ ಮೇಲೆ ಮಸಿ, ಎಣ್ಣೆಯ ಕಲೆ, ಗುಂಡು ತಾಗಿದ ಗುರುತುಗಳಿದ್ದವು. ಲೆಗೊ ನೌಕೆ ಮಟ್ಟಸವಾದ ಬೂದು ಬಣ್ಣದ್ದು. ಅಲ್ಲಲ್ಲಿ ಗಾಢ ಕೆಂಪು ತುಣುಕುಗಳನ್ನು ಇಟ್ಟು ಮೂಲದ ಬಣ್ಣದ ಫಲಕಗಳನ್ನು ಸೂಚಿಸಿದ್ದಾರೆ, ಹಿಂಬದಿಯ ಎಂಜಿನ್ನಿನ ನೀಲಿ ಪಟ್ಟಿಯೂ ಸೊಗಸಾಗಿದೆ, ಆದರೂ ಸವೆತದ ಭಾವ ಪೂರ್ಣವಾಗಿ ಬರುವುದಿಲ್ಲ. ಪಕ್ಕದಿಂದ ಬೆಳಕು ಬೀಳುವಂತೆ ಇಟ್ಟರೆ ಉಬ್ಬುತಗ್ಗುಗಳ ನೆರಳು ಬಿದ್ದು ಈ ಕೊರತೆ ಬಹಳ ಮಟ್ಟಿಗೆ ತುಂಬುತ್ತದೆ. ನೇರ ಮೇಲಿನಿಂದ ಬೀಳುವ ಟ್ಯೂಬ್‌ಲೈಟ್ ಬೆಳಕಿನಲ್ಲಿ ಮಾತ್ರ ಇದನ್ನು ಇಡಬೇಡಿ.

ಕೊಳ್ಳುವ ಮುನ್ನ ಯೋಚಿಸಬೇಕಾದ ಸಂಗತಿಗಳೂ ಇವೆ. ಬಿಡುಗಡೆಯಾದಾಗ ಅಮೆರಿಕದಲ್ಲಿ ಇದರ ಬೆಲೆ 799.99 ಡಾಲರ್ ಇತ್ತು, ನಂತರ 849.99ಕ್ಕೆ ಏರಿತು, ಹೊರದೇಶದಿಂದ ತರಿಸಿಕೊಳ್ಳುವವರು ಸಾಗಣೆ ಮತ್ತು ಸುಂಕವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಮೇಲಿನ ಫಲಕಗಳು ಸುಲಭವಾಗಿ ಎತ್ತಲು ಬರುವಂತೆ ಇರುವುದರಿಂದ ನೌಕೆಯನ್ನು ಅಂಚು ಹಿಡಿದು ಎತ್ತಬಾರದು. ಒಳಗಿನ ಚೌಕಟ್ಟಿಗೆ ಕೈ ಸಿಗುವಂತೆ ಅಡಿಯಿಂದ ಹಿಡಿಯಬೇಕು, ಇಬ್ಬರಿದ್ದರೆ ಇನ್ನೂ ಕ್ಷೇಮ. ಧೂಳು ಈ ಮಾದರಿಯ ದೊಡ್ಡ ಶತ್ರು, ಏಕೆಂದರೆ ಅಂಚಿನ ಗೋಡೆಗಳ ಆ ಸೂಕ್ಷ್ಮ ಕೆಲಸದೊಳಗೆ ಒಮ್ಮೆ ಸೇರಿದ ಧೂಳನ್ನು ಮೃದುವಾದ ಬ್ರಷ್‌ನಿಂದ ತೆಗೆಯುವುದೂ ಕಷ್ಟ. ಗಾಜಿನ ಪೆಟ್ಟಿಗೆ ಮಾಡಿಸುವುದಾದರೆ ಒಂದು ಮೀಟರ್ ಉದ್ದವನ್ನಾದರೂ ಲೆಕ್ಕಕ್ಕೆ ಹಿಡಿಯಿರಿ. ಓರೆಯಾಗಿ ನಿಲ್ಲಿಸುವ ಸ್ಟ್ಯಾಂಡ್ ಸೆಟ್‌ನೊಂದಿಗೆ ಬರುವುದಿಲ್ಲ. ಬೇರೆ ತಯಾರಕರು ಮಾರುವ ಸ್ಟ್ಯಾಂಡ್‌ಗಳಿವೆ, ಅದರ ಖರ್ಚು ಯೋಗ್ಯವಾದದ್ದೇ. ಓರೆಯಾಗಿ ನಿಂತ ಫಾಲ್ಕನ್ ಕಡಿಮೆ ಜಾಗ ಹಿಡಿಯುತ್ತದೆ, ಅದರ ಇಡೀ ಮೇಲ್ಮೈ ಒಂದೇ ನೋಟಕ್ಕೆ ಸಿಗುತ್ತದೆ.

ಇಷ್ಟು ಹಣ ಅಥವಾ ಇಷ್ಟು ಜಾಗ ಇಲ್ಲದವರಿಗೆ 2024ರಲ್ಲಿ ಬಂದ 75375 ಸಂಖ್ಯೆಯ, 921 ತುಣುಕುಗಳ ಪುಟ್ಟ ಫಾಲ್ಕನ್ ಇದೆ. ಅದರೊಂದಿಗೆ ಸ್ಟ್ಯಾಂಡ್ ಕೂಡ ಬರುತ್ತದೆ. ಒಳಕೋಣೆಗಳಾಗಲಿ ಗೊಂಬೆಗಳಾಗಲಿ ಅದರಲ್ಲಿ ಇಲ್ಲ, ಆಕಾರ ಮಾತ್ರ ಬಹಳ ಚೆನ್ನಾಗಿ ಬಂದಿದೆ. ಮಕ್ಕಳು ಆಡಲಿ ಎಂದು ಕೊಳ್ಳುವವರಿಗೆ 2019ರ 1351 ತುಣುಕುಗಳ 75257 ಹೆಚ್ಚು ಸೂಕ್ತ, ಏಕೆಂದರೆ ಅದು ಕೈಯಲ್ಲಿ ಹಿಡಿದು ಆಡಲೆಂದೇ ಮಾಡಿದ್ದು. ಆದರೆ ನೌಕೆಯ ಅಂಚಿನ ಗೋಡೆಯನ್ನು ಚೂರು ಚೂರಾಗಿ ತಾವೇ ಕಟ್ಟಬೇಕು ಎಂಬ ಆಸೆಯಿರುವವರಿಗೆ ಈ ಎರಡೂ ಸಾಲುವುದಿಲ್ಲ. ಅಂಥವರು ಸ್ವಲ್ಪ ಕಾಲ ಹಣ ಕೂಡಿಟ್ಟಾದರೂ 75192 ಅನ್ನೇ ಕೊಳ್ಳಲಿ.