ದುಡ್ಡು ಕೊಟ್ಟು ತರುವ ಕುದುರೆ: ಹಲ್ಲು ಎಣಿಸಿಯೇ ತನ್ನಿ

ಯುಕೆಯಲ್ಲಿದ್ದುಕೊಂಡು ಮಕ್ಕಳಿಗೆ ಕುದುರೆ ಕೊಡಿಸುವ ಯೋಚನೆಯಲ್ಲಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಪರಿಚಯದಲ್ಲೇ ಎರಡು ಮೂರು ಮನೆಯವರು ಈಗ ಕುದುರೆ ಹುಡುಕುತ್ತಿದ್ದಾರೆ. ವೆಟ್ (ಪಶುವೈದ್ಯರು) ನೋಡಿ ಸರಿ ಅಂದಿದ್ದಾರೆ, ಇನ್ಶೂರೆನ್ಸ್ ಬೇರೆ ಇದೆ, ಇನ್ನೇನು ಅಂತ ಸುಮ್ಮನಿರಬೇಡಿ. ಹಲ್ಲಿನ ವಿಷಯ ಬಂದರೆ ಎರಡೂ ಕೈ ಕೊಡುತ್ತವೆ. ನಮಗೆ ಮೂರು ಸಾವಿರ ಪೌಂಡಿಗಿಂತ ಜಾಸ್ತಿ ಕೈಯಿಂದ ಹೋಯಿತು.

ಮಗಳಿಗಾಗಿ ತಂದಿದ್ದು ಹನ್ನೆರಡು ವರ್ಷದ, ಸಾಧು ಸ್ವಭಾವದ ಗಂಡು ಕುದುರೆ. ಮಾರಿದ್ದು ಮನೆಯಲ್ಲೇ ಸಾಕಿದ್ದ ಒಬ್ಬ ಹೆಂಗಸು, ವ್ಯಾಪಾರಿ ಅಲ್ಲ. ಜಾಹೀರಾತಿನಲ್ಲಿ ‘ಹಲ್ಲು, ಲಾಳ, ಲಸಿಕೆ ಎಲ್ಲಾ ಅಪ್ ಟು ಡೇಟ್’ ಅಂತ ಇತ್ತು. ಕೊಳ್ಳುವ ಮುಂಚೆ ಐದು ಹಂತದ ವೆಟ್ಟಿಂಗ್, ಅಂದರೆ ವೆಟ್ ಕೈಯಲ್ಲಿ ಕುದುರೆಯ ತಪಾಸಣೆ, ಮಾಡಿಸಿದೆವು. ಹೃದಯ, ಕಣ್ಣು, ಕಾಲು, ಓಟ ಎಲ್ಲ ನೋಡಿ ಸರ್ಟಿಫಿಕೇಟ್ ಕೊಟ್ಟರು. ಕುದುರೆ ನಮ್ಮ ಲಾಯಕ್ಕೆ ಬಂದ ದಿನವೇ ಇನ್ಶೂರೆನ್ಸ್ ಶುರುವಾಯಿತು. ವೆಟ್ ಖರ್ಚಿಗೆ 5000 ಪೌಂಡ್ ತನಕ ಕೊಡುತ್ತೇವೆ ಅಂತ ಪಾಲಿಸಿಯಲ್ಲಿ ದಪ್ಪಕ್ಷರದಲ್ಲೇ ಇತ್ತು.

ತೊಂದರೆ ಮೊದಲು ಕಂಡಿದ್ದು ಲಾಯದ ನೆಲದ ಮೇಲೆ. ಬೆರಳುದ್ದದ, ಜೊಲ್ಲಿನಲ್ಲಿ ನೆಂದ ಹುಲ್ಲಿನ ಸುರುಳಿಗಳು ಅಲ್ಲಲ್ಲಿ ಬಿದ್ದಿದ್ದವು. ಅರ್ಧ ಅಗಿದು ಉಗಿದಿತ್ತು. ಇಲ್ಲಿನವರು ಇದಕ್ಕೆ ಕ್ವಿಡಿಂಗ್ ಅಂತಾರೆ. ಆಮೇಲೆ ಎಡ ಹೊಳ್ಳೆಯಿಂದ ಮಾತ್ರ ಹಳದಿ ಸಿಂಬಳ. ಮುಖದ ಹತ್ತಿರ ಹೋದರೆ ಕೊಳೆತ ವಾಸನೆ. ಎರಡೂ ಹೊಳ್ಳೆ ಸೋರಿದರೆ ನೆಗಡಿಯಂಥದ್ದು ಇರಬಹುದು. ಒಂದೇ ಕಡೆ ಸೋರಿ ವಾಸನೆಯೂ ಬಂದರೆ ಹಲ್ಲಿನ ಮೇಲೆ ಅನುಮಾನ ಪಡಬೇಕು. ಕುದುರೆಯ ಮೇಲ್ದವಡೆಯ ಹಿಂದಿನ ಹಲ್ಲುಗಳ ಬೇರು ಸೈನಸ್ಸಿಗೆ, ಅಂದರೆ ಮೂಗಿಗೆ ಸೇರುವ ತಲೆಬುರುಡೆಯ ಟೊಳ್ಳಿಗೆ, ಚಾಚಿಕೊಂಡಿರುತ್ತದೆ. ಬೇರಿಗೆ ಸೋಂಕಾದರೆ ಕೀವು ಇಳಿಯುವುದು ಮೂಗಿನಲ್ಲೇ.

ವೆಟ್ ಬಂದು ಮತ್ತಿನ ಇಂಜೆಕ್ಷನ್ ಕೊಟ್ಟು, ಬಾಯಿಗೆ ಗ್ಯಾಗ್ ಅನ್ನುವ ಕಬ್ಬಿಣದ ಚೌಕಟ್ಟು ಹಾಕಿ ಅಗಲಿಸಿದರು. ಕೋಲಿನ ತುದಿಯ ಕನ್ನಡಿಯನ್ನು ಒಳಗೆ ಇಳಿಸಿ, ಟಾರ್ಚ್ ಬಿಟ್ಟು ನನ್ನನ್ನೂ ಕರೆದು ತೋರಿಸಿದರು. ಎಡ ಮೇಲ್ದವಡೆಯ ನಾಲ್ಕನೇ ಹಲ್ಲಿನ ನಡುವೆ ಕಪ್ಪು ಗುಳಿ, ಅಲ್ಲಿಂದ ಉದ್ದಕ್ಕೆ ಬಿರುಕು. ಸಂದಿಯಲ್ಲಿ ಹಳೇ ಹುಲ್ಲು ಕೊಳೆತು ಕೂತಿತ್ತು.

‘ವೆಟ್ಟಿಂಗಿನಲ್ಲಿ ಇದು ಕಾಣಲಿಲ್ವಾ?’ ಅಂತ ಕೇಳಿದೆ. ‘ಅದರಲ್ಲಿ ಗ್ಯಾಗ್ ಹಾಕಿ ನೋಡಲ್ಲ’ ಅಂದರು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಐದು ಹಂತದ ವೆಟ್ಟಿಂಗಿನಲ್ಲೂ ಮುಂದಿನ ಹಲ್ಲು ನೋಡುತ್ತಾರೆ, ಬಾಯಿಯನ್ನು ಹೊರಗಿನಿಂದ ಪರೀಕ್ಷಿಸುತ್ತಾರೆ, ಅಷ್ಟೆ. ದವಡೆ ಹಲ್ಲು ಒಂದೊಂದು ಸಾಲಿಗೆ ಆರು, ಒಟ್ಟು ಇಪ್ಪತ್ನಾಲ್ಕು. ಕುದುರೆಯ ಬಾಯಿ ಉದ್ದ, ತೆರೆಯುವುದು ಕಮ್ಮಿ. ಗ್ಯಾಗ್ ಇಲ್ಲದೆ ಹಿಂದಿನ ಹಲ್ಲು ಯಾರಿಗೂ ಸರಿಯಾಗಿ ಕಾಣಲ್ಲ. ಆ ಪರೀಕ್ಷೆ ಬೇಕು ಅಂದರೆ ನಾವೇ ಬಾಯಿಬಿಟ್ಟು ಕೇಳಿ, ಬೇರೆ ದುಡ್ಡು ಕೊಟ್ಟು ಮಾಡಿಸಬೇಕು.

ಇನ್ನು ಇನ್ಶೂರೆನ್ಸ್ ಕಥೆ. ಕುದುರೆ ಇನ್ಶೂರೆನ್ಸಿನಲ್ಲಿ ಸಾಮಾನ್ಯವಾಗಿ ಮೊದಲ 14 ದಿನದಲ್ಲಿ ಕಾಣಿಸಿದ ಕಾಯಿಲೆಗೆ ದುಡ್ಡು ಕೊಡುವುದಿಲ್ಲ. ಅದನ್ನು ನಾವು ದಾಟಿದ್ದೆವು. ಆದರೆ ಕ್ಲೇಮ್ ಹಾಕಿದ ಕೂಡಲೇ ಕಂಪನಿಯವರು ಕುದುರೆಯ ಪೂರ್ತಿ ಚಿಕಿತ್ಸಾ ದಾಖಲೆ ಕೇಳಿದರು. ನಮ್ಮ ವೆಟ್ ಹತ್ತಿರ ಇರುವುದಷ್ಟೇ ಅಲ್ಲ, ಮಾರಿದವರ ವೆಟ್ ಹತ್ತಿರ ಇರುವುದೂ ಬೇಕು. ಅದರಲ್ಲಿ ಸಿಕ್ಕಿದ್ದು ಒಂದೇ ಸಾಲು: ಎಡ ಹೊಳ್ಳೆಯಲ್ಲಿ ಸೋರಿಕೆ, ಆಂಟಿಬಯೋಟಿಕ್ ಕೊಟ್ಟಿದೆ. ನಾವು ಕೊಳ್ಳುವ ಎಷ್ಟೋ ತಿಂಗಳ ಹಿಂದಿನದು. ಜೊತೆಗೆ ನಮ್ಮ ವೆಟ್ ಕೂಡ ‘ಬಿರುಕು ಹಳೆಯದಿರಬಹುದು’ ಅಂತ ಬರೆದಿದ್ದರು. ಪಾಪ, ಕಂಡಿದ್ದನ್ನು ಬರೆದಿದ್ದಾರೆ. ಕಂಪನಿ ಇವೆರಡನ್ನೂ ಸೇರಿಸಿ ‘ಮೊದಲೇ ಇದ್ದ ಕಾಯಿಲೆ’ ಅಂತ ಕ್ಲೇಮ್ ತಳ್ಳಿಹಾಕಿತು.

ಫೋನಿನಲ್ಲಿ ಕೇಳಿದೆ, ‘ನಮಗೆ ಗೊತ್ತೇ ಇರಲಿಲ್ಲವಲ್ಲ?’

‘ನಿಮಗೆ ಗೊತ್ತಿರಬೇಕು ಅಂತಿಲ್ಲ ಮೇಡಂ. ಕಾಯಿಲೆ ಇದ್ದರೆ ಸಾಕು.’

ಪಾಲಿಸಿ ತೆಗೆದು ನೋಡಿದರೆ ನಿಜವಾಗಲೂ ಹಾಗೇ ಇದೆ. ‘ಮಾಲೀಕರಿಗೆ ತಿಳಿದಿರಲಿ, ಇಲ್ಲದಿರಲಿ’ ಅನ್ನುವ ಅರ್ಥದ ಮಾತು. ದಪ್ಪಕ್ಷರದಲ್ಲಿ ಅಲ್ಲ. ಅದೇ ಪುಟದ ಕೆಳಗೆ ಇನ್ನೊಂದು ಷರತ್ತು: ವರ್ಷಕ್ಕೊಮ್ಮೆ ವೆಟ್ ಅಥವಾ ಅರ್ಹತೆ ಇರುವ ಡೆಂಟಲ್ ಟೆಕ್ನಿಷಿಯನ್ ಹಲ್ಲು ನೋಡಿದ್ದಕ್ಕೆ ದಾಖಲೆ ಇರಬೇಕು. ಮಾರಿದಾಕೆಯ ‘ಅಪ್ ಟು ಡೇಟ್’ ಅಂದರೆ ಯಾರೋ ಬಂದು ಹಲ್ಲಿನ ಚೂಪು ಅಂಚು ಉಜ್ಜಿ ಹೋಗಿದ್ದರು, ಅಷ್ಟೆ. ಚೀಟಿ ಇಲ್ಲ, ರಸೀತಿ ಇಲ್ಲ. ಇಲ್ಲಿ ಹಲ್ಲು ಉಜ್ಜುವ ಕೆಲಸಕ್ಕೆ ಪರೀಕ್ಷೆ ಪಾಸಾಗದವರೂ ಬರುತ್ತಾರೆ. ಅರ್ಹತೆ ಏನು ಅಂತ ಕೇಳಿ ತಿಳಿದುಕೊಳ್ಳುವುದು ನಮ್ಮ ಪಾಲಿಗೇ ಬಿಟ್ಟಿದ್ದು.

ಸ್ಕ್ಯಾನ್, ಹಲ್ಲು ಕಿತ್ತಿದ್ದು, ಸೈನಸ್ ತೊಳೆದಿದ್ದು ಎಲ್ಲ ನಮ್ಮ ಜೇಬಿನಿಂದಲೇ. ಕಂಪನಿಗೆ ದೂರು ಕೊಟ್ಟೆವು. ಉತ್ತರ ಕೊಡಲು ಅವರಿಗೆ ಎಂಟು ವಾರ ಸಮಯ. ಕೊನೆಯ ಉತ್ತರ ಬಂದ ಮೇಲೆ ಆರು ತಿಂಗಳೊಳಗೆ ಇಂಥ ಜಗಳ ತೀರ್ಮಾನಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ಫೀಸಿಲ್ಲ. ಹೋದೆವು. ಕಾಯಿಲೆ ಮೊದಲೇ ಇತ್ತು ಅಂತ ತೋರಿಸಬೇಕಾದ್ದು ಕಂಪನಿಯೇ, ನಾವಲ್ಲ. ಆದರೆ ಆ ಹಳೇ ಸಾಲು ಅವರಿಗೆ ಸಾಕಾಯಿತು. ತೀರ್ಪು ಕಂಪನಿಯ ಕಡೆಗೇ ಬಂತು.

ಮಾರಿದಾಕೆಯನ್ನು ಹಿಡಿಯೋಣ ಅಂದರೆ ಅದೂ ಸುಲಭವಿಲ್ಲ. ಕುದುರೆ ವ್ಯಾಪಾರಿಯಿಂದ ಕೊಂಡಿದ್ದರೆ 2015ರ ಗ್ರಾಹಕ ಹಕ್ಕು ಕಾಯ್ದೆ ನಮ್ಮ ಬೆನ್ನಿಗಿರುತ್ತಿತ್ತು. ದೋಷ ಇದ್ದರೆ 30 ದಿನದೊಳಗೆ ವಾಪಸ್ ಕೊಡಬಹುದು. ಮನೆಯಲ್ಲೇ ಸಾಕಿದವರಿಂದ ಕೊಂಡರೆ ಅವರು ಹೇಳಿದ್ದು ನಿಜವಲ್ಲ ಅಂತ ನಾವು ತೋರಿಸಬೇಕು. ಆಕೆ ಸೈನಸ್ ಬಗ್ಗೆ ಏನೂ ಹೇಳಿರಲಿಲ್ಲ, ನಿಜ. ಆದರೆ ಕೇಳದೆ ಇದ್ದದ್ದಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಅದನ್ನು ಸುಳ್ಳು ಅನ್ನಲು ಆಗಲ್ಲ ಅಂದರು ವಕೀಲರು.

ಹಾಗಾಗಿ ಕುದುರೆ ನೋಡಲು ಹೋಗುವವರು ದುಡ್ಡು ಕೊಡುವ ಮುಂಚೆ ವಾಟ್ಸಾಪಿನಲ್ಲಿ ಬರಹದಲ್ಲೇ ಕೇಳಿ: ಹಲ್ಲಿಗೆ, ಮೂಗಿಗೆ, ಸೈನಸ್ಸಿಗೆ ಯಾವತ್ತಾದರೂ ಚಿಕಿತ್ಸೆ ಆಗಿದೆಯಾ? ಉತ್ತರವನ್ನೂ ಜಾಹೀರಾತನ್ನೂ ಸ್ಕ್ರೀನ್‌ಶಾಟ್ ಮಾಡಿ ಇಟ್ಟುಕೊಳ್ಳಿ. ಅವರ ವೆಟ್ ಹತ್ತಿರ ಇರುವ ಹಳೇ ದಾಖಲೆ ಕೇಳಿ. ಮಾಲೀಕರು ಒಪ್ಪದೆ ಅದು ಸಿಗಲ್ಲ. ‘ಕೊಡಲ್ಲ’ ಅಂದರೆ ನಾನಾದರೆ ಆ ಕುದುರೆಯ ಆಸೆ ಬಿಡುತ್ತೇನೆ. ವೆಟ್ಟಿಂಗ್ ದಿನವೇ ಗ್ಯಾಗ್ ಹಾಕಿ ಕನ್ನಡಿ ಬಿಟ್ಟು ಪೂರ್ತಿ ಬಾಯಿ ನೋಡಿಸಿ, ಒಂದೊಂದು ಹಲ್ಲಿನ ಸ್ಥಿತಿ ಗುರುತಿಸುವ ಡೆಂಟಲ್ ಚಾರ್ಟ್ ಬರೆಸಿಕೊಳ್ಳಿ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬೇಡ ಅಂತಾರೆ, ಸರಿ. ಇದು ಸಾವಿರಾರು ಪೌಂಡ್ ಸುರಿದು ತರುವ ಕುದುರೆ ಅಲ್ವಾ?

ಕಂಪನಿ ಬದಲಿಸಿದರೆ ಸರಿಹೋಗುತ್ತೆ ಅಂತ ಕೆಲವರು ಹೇಳಿದರು. ಆಗಲ್ಲ. ಹೊಸ ಕಂಪನಿಗೂ ಇದು ಮೊದಲೇ ಇದ್ದ ಕಾಯಿಲೆಯೇ. ನಮ್ಮ ಕಂಪನಿಯವರು ರಿನ್ಯೂವಲ್ ಕಾಗದದಲ್ಲಿ ಹಲ್ಲು, ದವಡೆ, ಸೈನಸ್ ಮೂರನ್ನೂ ಹೊರಗಿಟ್ಟಿದ್ದಾರೆ. ಕುದುರೆಯ ಹಲ್ಲು ವರ್ಷಕ್ಕೆ 2–3 ಮಿಲಿಮೀಟರ್ ಹೊರಗೆ ಬರುತ್ತಲೇ ಇರುತ್ತದೆ. ಮೇಲಿನದನ್ನು ಕಿತ್ತ ಜಾಗದಲ್ಲಿ ಈಗ ಕೆಳಗಿನ ಹಲ್ಲಿಗೆ ಎದುರು ಸವೆಯಲು ಏನೂ ಇಲ್ಲ. ಅದು ಉದ್ದ ಬೆಳೆಯದಂತೆ ಆರು ತಿಂಗಳಿಗೊಮ್ಮೆ ಉಜ್ಜಿಸಬೇಕು. ಆ ಬಿಲ್ಲನ್ನೂ ನಾವೇ ಕಟ್ಟುತ್ತಿದ್ದೇವೆ.