ಇಬ್ರಾಹಿಮೊವಿಚ್: ಆಯಾಕ್ಸ್, ಇಂಟರ್, ಪಿಎಸ್‌ಜಿ – ಯಾವ ಕಾಲದ ಆಟ ನೋಡಬೇಕು?

ಫುಟ್‌ಬಾಲ್‌ನಲ್ಲಿ ಮುಂಚೂಣಿ ಆಟಗಾರನಾಗಲು (ಫಾರ್ವರ್ಡ್) ಅಭ್ಯಾಸ ಮಾಡುತ್ತಿರುವವರು ಸ್ವೀಡನ್‌ನ ಸ್ಲಾಟಾನ್ ಇಬ್ರಾಹಿಮೊವಿಚ್ ಅವರ ಯಾವ ಕಾಲದ ಪಂದ್ಯಗಳನ್ನು ನೋಡಬೇಕೆಂಬುದು, ಅವರು ಏನನ್ನು ಕಲಿಯಬಯಸುತ್ತಾರೆ ಎಂಬುದನ್ನು ಅವಲಂಬಿಸಿದೆ.

ಚೆಂಡಿನ ಮೇಲಿನ ಹಿಡಿತವೇ ಮುಖ್ಯವೆನ್ನುವವರಿಗೆ ನೆದರ್ಲೆಂಡ್ಸ್‌ನ ಕ್ಲಬ್ ಆಯಾಕ್ಸ್‌ನ ಕಾಲ (2001–04) ಸೂಕ್ತ. 2004ರ ಆಗಸ್ಟ್‌ನಲ್ಲಿ ಎನ್‌ಎಸಿ ಬ್ರೆಡಾ ವಿರುದ್ಧ, ಹೊಡೆಯುವಂತೆ ನಟಿಸಿ ನಟಿಸಿ ರಕ್ಷಕರನ್ನು ಒಬ್ಬೊಬ್ಬರಾಗಿ ದಾಟಿ, ಕೊನೆಗೆ ಎಡಗಾಲಿನಿಂದ ಗೋಲು ಗಳಿಸಿದ್ದನ್ನು ನಿಧಾನಗತಿಯಲ್ಲಿ ನೋಡಿದರೆ, ವೇಗಕ್ಕಿಂತ ದೇಹದ ಸಮತೋಲನವೇ ಅಲ್ಲಿ ಕೆಲಸ ಮಾಡಿದೆ ಎಂಬುದು ತಿಳಿಯುತ್ತದೆ. ಆದರೆ ಅವರ ಆಟದಲ್ಲಿ ಆಗ ಸ್ಥಿರತೆ ಇರಲಿಲ್ಲ.

ಎದುರಾಳಿಗಳ ಗಟ್ಟಿತನವನ್ನು ಅಳತೆಗೋಲಾಗಿಸಿದರೆ ಇಟಲಿಯ ಕ್ಲಬ್ ಇಂಟರ್‌ನ ಕಾಲ (2006–09) ಮುಂದಿದೆ. ಮೂರೂ ಋತುಗಳಲ್ಲಿ ತಂಡ ಅಲ್ಲಿನ ಲೀಗ್ ಗೆದ್ದಿತು; 2008–09ರ ಕೊನೆಯ ಪಂದ್ಯದಲ್ಲಿ ಅಟಲಾಂಟಾ ವಿರುದ್ಧ ಹಿಮ್ಮಡಿಯಿಂದ ಗಳಿಸಿದ ಗೋಲು ಅವರನ್ನು 25 ಗೋಲುಗಳೊಂದಿಗೆ ಲೀಗ್‌ನ ಅಗ್ರ ಗೋಲುಗಾರನನ್ನಾಗಿಸಿತು. ಬೆನ್ನಿಗಂಟಿದ ರಕ್ಷಕನನ್ನು ತಡೆದು ಚೆಂಡು ಉಳಿಸಿಕೊಳ್ಳುವ ಕಲೆಗೆ ನನ್ನ ಆಯ್ಕೆ ಇದೇ.

ಅಂಕಿಗಳಲ್ಲಿ ಫ್ರಾನ್ಸ್‌ನ ಕ್ಲಬ್ ಪಿಎಸ್‌ಜಿಯ (ಪ್ಯಾರಿಸ್ ಸೇಂಟ್ ಜರ್ಮೇನ್) ಕಾಲಕ್ಕೆ (2012–16) ಸಾಟಿಯಿಲ್ಲ: 180 ಪಂದ್ಯಗಳಲ್ಲಿ 156 ಗೋಲು. ಫ್ರಾನ್ಸ್‌ನಲ್ಲಿ ಪೈಪೋಟಿ ಸಡಿಲವಾಗಿತ್ತೆಂಬ ಆಕ್ಷೇಪದಲ್ಲಿ ಹುರುಳಿದೆಯಾದರೂ, ಗೋಲಿನ ಮುಂದಿನ ಪೆನಾಲ್ಟಿ ಪೆಟ್ಟಿಗೆಯೊಳಗೆ ನಿಲ್ಲುವ ಜಾಗವನ್ನು ಆರಿಸುವ ಪಾಠಕ್ಕೆ ಅದು ಅಡ್ಡಿಯಾಗದು.

ವಯಸ್ಸಾದ ಮೇಲೂ ಆಡಬಯಸುವವರು ಈ ಮೂರನ್ನೂ ಬಿಟ್ಟು, 40ರ ವಯಸ್ಸಿನಲ್ಲಿ ಅವರು ಎಸಿ ಮಿಲಾನ್‌ನೊಂದಿಗೆ ಇಟಲಿಯ ಲೀಗ್ ಪ್ರಶಸ್ತಿ ಗೆದ್ದ 2021–22ರ ಋತುವನ್ನು ನೋಡುವುದು ಲೇಸು.