ಇದ್ದಿಲು ಸ್ಮೋಕರ್‌ನಲ್ಲಿ ತಣ್ಣನೆಯ ಹೊಗೆ: ಎರಡು ಚಳಿಗಾಲ ಬಳಸಿದ ಮೇಲೆ

ಆಹಾರಕ್ಕೆ ಹೊಗೆ ಹಿಡಿಸುವ ಈ ಸ್ಮೋಕರ್‌ಗೆ, ಅಂಗಡಿಯಿಂದ ಬಂದ ಸ್ಥಿತಿಯಲ್ಲೇ ಇಟ್ಟುಕೊಂಡರೆ ಐದಕ್ಕೆ ಎರಡೂವರೆ, ಮಾರ್ಪಡಿಸಿಕೊಂಡರೆ ನಾಲ್ಕು ಅಂಕ ಕೊಡುತ್ತೇನೆ. ಕೆಳಗೆ ಇದ್ದಿಲು, ನಡುವೆ ನೀರಿನ ಬೋಗುಣಿ, ಮೇಲೆ ಎರಡು ಜಾಲರಿ ಇರುವ ಉದ್ದನೆಯ ಪೆಟ್ಟಿಗೆ ಇದು. ಕೋಳಿಯನ್ನು 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಧಾನವಾಗಿ ಬೇಯಿಸಲೆಂದು ಮಾಡಿದ್ದು. ಆ ಕೆಲಸದಲ್ಲಿ ತಕರಾರಿಲ್ಲ. ನನಗೆ ಬೇಕಿದ್ದುದು ಬೇರೆ. ಬ್ಯಾಡಗಿ ಮೆಣಸಿನಕಾಯಿ, ಹರಳುಪ್ಪು, ಬೆಣ್ಣೆ, ಚೀಸ್ ಇವಕ್ಕೆಲ್ಲ ಹೊಗೆ ಬೇಕು, ಕಾವು ಬೇಡ. ಪೆಟ್ಟಿಗೆಯ ಒಳಗೆ 30 ಡಿಗ್ರಿ ದಾಟಿತೆಂದರೆ ಚೀಸ್ ಬೆವರುತ್ತದೆ, ಆ ಜಿಡ್ಡಿಗೆ ಮಸಿ ಅಂಟುತ್ತದೆ.

ಹಾಗಾಗಿ ಬೆಂಕಿಯನ್ನು ಪೆಟ್ಟಿಗೆಯಿಂದ ಹೊರಗೆ ಹಾಕಿದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ತಗಡು ಕೆಲಸದ ಅಂಗಡಿಯೊಂದರಲ್ಲಿ ಬಿಸ್ಕತ್ತು ಡಬ್ಬಿಯಷ್ಟು ದೊಡ್ಡ ಒಲೆಪೆಟ್ಟಿಗೆ ಮಾಡಿಸಿದೆ. ತುಕ್ಕು ಹಿಡಿಯುವುದಿಲ್ಲವೆಂದು ಅಂಗಡಿಯವರು ಸತುವಿನ ಲೇಪವಿರುವ ಜಿಐ ತಗಡು ಹಾಕಲು ಹೊರಟಿದ್ದರು. ಬೇಡವೆಂದು ಲೇಪವಿಲ್ಲದ ಕಪ್ಪು ತಗಡನ್ನೇ ಹಾಕಿಸಿದೆ. ಬೆಂಕಿ ತಾಗುವ ಕಡೆ ಸತುವಿನ ಲೇಪ ಇರಬಾರದು. ಅತಿಯಾಗಿ ಕಾದರೆ ಅದರಿಂದ ಏಳುವ ಹೊಗೆ ವಿಷ. ಒಲೆಪೆಟ್ಟಿಗೆಯಿಂದ ಸ್ಮೋಕರ್‌ನ ಬೂದಿ ಬಾಗಿಲಿಗೆ ಅಡುಗೆಮನೆ ಚಿಮಣಿಗೆ ಬಳಸುವ ನಾಲ್ಕು ಇಂಚಿನ ಅಲ್ಯೂಮಿನಿಯಂ ಪೈಪು, ಆರು ಅಡಿ ಉದ್ದ. ಒಲೆ ನೆಲದ ಮೇಲಿದೆ, ಸ್ಮೋಕರ್ ಇಟ್ಟಿಗೆಗಳ ಮೇಲೆ ಎತ್ತರದಲ್ಲಿದೆ. ಹೊಗೆ ತಾನಾಗಿಯೇ ಏರುತ್ತದೆ, ಫ್ಯಾನ್ ಬೇಕಿಲ್ಲ. ದಾರಿಯಲ್ಲಿ ಅದು ತಣ್ಣಗಾಗುತ್ತದೆ, ಜೊತೆಗೆ ಡಾಂಬರಿನಂಥ ಕಂದು ಹನಿಗಳನ್ನು ಪೈಪಿನ ಮಡಿಕೆಗಳಲ್ಲೇ ಬಿಟ್ಟು ಬರುತ್ತದೆ. ಪೈಪು ಕಳಚಿ ಆ ಹನಿಯನ್ನೊಮ್ಮೆ ಮೂಸಿ ನೋಡಿದರೆ, ಅದು ಚೀಸ್ ಮೇಲೆ ಬೀಳದಿದ್ದುದೇ ಪುಣ್ಯ ಎನಿಸುತ್ತದೆ. ಮೇಲಿನ ಕಿಂಡಿಯನ್ನು ಮಾತ್ರ ಎಂದೂ ಮುಚ್ಚಬಾರದು. ಹೊಗೆ ಒಳಗೇ ನಿಂತು ಹಳಸಿದರೆ ಪದಾರ್ಥ ಕಹಿಯಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಇನ್ನೂರು ಚಿಲ್ಲರೆ ರೂಪಾಯಿಯ ಖರ್ಚಿನಲ್ಲಿ ಮಾಡಿಸಿದ ಇನ್ನೊಂದು ವಸ್ತು ಈ ಪೈಪನ್ನೇ ಹಿಂದೆ ಹಾಕಿತು. ಸ್ಟೀಲ್ ಜಾಲರಿಯನ್ನು ಸುತ್ತುದಾರಿಯಂತೆ ಮಡಚಿದ ತಟ್ಟೆ ಅದು. ಒಣಗಿದ ಮರದ ಹೊಟ್ಟು ತುಂಬಿ ಒಂದು ತುದಿಗೆ ಮೇಣದ ದೀಪ ಹಿಡಿದು, ಜ್ವಾಲೆ ಆರಿಸಿದರೆ, ಕಿಡಿ ಊದಿನಕಡ್ಡಿಯ ಹಾಗೆ ತೆವಳುತ್ತಾ ರಾತ್ರಿಯಿಡೀ ಸಾಗುತ್ತದೆ. ಕಾವು ಎಷ್ಟು ಕಡಿಮೆಯೆಂದರೆ ಧಾರವಾಡದ ಡಿಸೆಂಬರ್ ರಾತ್ರಿಯಲ್ಲಿ ತಟ್ಟೆಯನ್ನು ಸ್ಮೋಕರ್‌ನ ತಳದಲ್ಲೇ ಇಡಬಹುದು, ಹೊರಗಿನ ಒಲೆಯ ಗೊಡವೆಯೇ ಇಲ್ಲ. ಕಟ್ಟಿಗೆಯ ತುಂಡುಗಳನ್ನೇ ಉರಿಸುತ್ತೇನೆ ಎನ್ನುವವರಿಗೆ ಪೈಪು ಬೇಕು. ಉಳಿದವರು ಮೊದಲು ತಟ್ಟೆ ಮಾಡಿಸಿಕೊಳ್ಳಲಿ.

ಹೊಟ್ಟಿನ ವಿಷಯದಲ್ಲಿ ಹಟ ಬೇಕು. ಸಾಮಿಲ್‌ಗೆ ಹೋಗಿ ಚೀಲ ಹಿಡಿದರೆ ಸಾಗುವಾನಿ, ಬೇವು, ಪ್ಲೈವುಡ್ಡಿನ ಅಂಟು ಎಲ್ಲವೂ ಕಲಸಿದ್ದನ್ನು ತುಂಬಿಕೊಡುತ್ತಾರೆ. ನಾನು ಮಾವಿನ ಹಲಗೆಯಿಂದ ಪ್ಯಾಕಿಂಗ್ ಪೆಟ್ಟಿಗೆ ಮಾಡುವವರಲ್ಲಿ ಗರಗಸದ ಕೆಳಗಿನ ಹೊಟ್ಟನ್ನಷ್ಟೇ ಎತ್ತಿಸಿಕೊಂಡು ಬರುತ್ತೇನೆ. ಜರಡಿ ಹಿಡಿದು ಬಿಸಿಲಿಗೆ ಹಾಕಬೇಕು. ಪೇರಲವೂ ಚೆನ್ನ, ಸಿಕ್ಕರೆ.

ಫಲಿತಾಂಶದಲ್ಲಿ ಮೊದಲ ಸ್ಥಾನ ಬ್ಯಾಡಗಿಗೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಈ ಸುಕ್ಕುಗಟ್ಟಿದ ಮೆಣಸಿನಕಾಯಿಯ ಹೆಗ್ಗಳಿಕೆ. ಬಿಸಿ ಹೊಗೆಯಲ್ಲಿ ಆ ಕೆಂಪು ಕಂದಿಹೋಗುತ್ತದೆ, ತಣ್ಣನೆಯ ಹೊಗೆಯಲ್ಲಿ ಉಳಿಯುತ್ತದೆ. ಅದನ್ನು ಹಾಕಿ ಕುಟ್ಟಿದ ಶೇಂಗಾ ಚಟ್ನಿಪುಡಿಯನ್ನು ಒಮ್ಮೆ ತಿಂದವರು ರೊಟ್ಟಿ ಬಿಟ್ಟು ಚಟ್ನಿಗೇ ಕೈ ಹಾಕುತ್ತಾರೆ. ಹೊಗೆಯುಪ್ಪು ಮಜ್ಜಿಗೆಗೆ ಒಂದು ಚಿಟಿಕೆ ಸಾಕು. ಚೀಸ್ ಅನ್ನು ಅಂದೇ ತಿನ್ನಬೇಡಿ, ಬೂದಿ ನೆಕ್ಕಿದ ಹಾಗಿರುತ್ತದೆ. ಬಿಗಿಯಾಗಿ ಸುತ್ತಿ ಎರಡು ವಾರ ಫ್ರಿಜ್‌ನಲ್ಲಿಟ್ಟರೆ ಹೊಗೆ ಒಳಗಿಳಿದು ಮೆತ್ತಗಾಗುತ್ತದೆ. ಪನೀರ್ ನನಗೆ ಹಿಡಿಸಲಿಲ್ಲ. ಎಷ್ಟು ಒರೆಸಿದರೂ ಅದರ ಹಸಿಗೆ ಹೊಗೆ ಹುಳಿಯಾಗಿಯೇ ಕೂರುತ್ತದೆ.

ಮಾಂಸ, ಮೀನು ಮಾಡುವುದಿಲ್ಲ. ಕಾರವಾರದ ಮೀನು ಹುಬ್ಬಳ್ಳಿಗೆ ಬರುತ್ತದೆ, ಯಾಕೆ ಬಿಡುತ್ತೀರಿ ಎಂದು ಕೇಳುವವರಿದ್ದಾರೆ. ತಣ್ಣನೆಯ ಹೊಗೆ ಬೇಯಿಸುವುದಿಲ್ಲ, ಮತ್ತು 30 ಡಿಗ್ರಿ ಎಂಬುದು ರೋಗಾಣುಗಳಿಗೆ ಹಬ್ಬದ ಹವೆ. ಅಳತೆ ತಪ್ಪದ ಉಪ್ಪು, ಮಾಂಸ ಕೆಡದಂತೆ ಹಾಕುವ ನೈಟ್ರೈಟ್, ಮೊದಲಿನಿಂದ ಕೊನೆಯವರೆಗೆ ತಂಪಾಗಿಡುವ ಶೀತಲ ಸರಪಳಿ ಇವೆಲ್ಲ ಇದ್ದವರ ಕೆಲಸ ಅದು. ಗ್ಯಾರೇಜಿನೊಳಗೋ ಮುಚ್ಚಿದ ಪಡಸಾಲೆಯಲ್ಲೋ ಇದನ್ನು ಹಚ್ಚಬಾರದೆಂಬುದನ್ನೂ ಸೇರಿಸುತ್ತೇನೆ. ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆಯಿಲ್ಲ.

ಈ ಊರಿನಲ್ಲಿ ಇದಕ್ಕೆ ಹಂಗಾಮು ಇದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ, ಅದೂ ರಾತ್ರಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 37 ಡಿಗ್ರಿ ಇರುವಾಗ ಎಷ್ಟು ಉದ್ದದ ಪೈಪೂ ಹೊಗೆಯನ್ನು ಅದಕ್ಕಿಂತ ತಣ್ಣಗೆ ಮಾಡಲಾರದು. ಬೋಗುಣಿಯಲ್ಲಿ ಮಂಜುಗಡ್ಡೆಯ ಬಾಟಲಿ ಇಟ್ಟರೆ ಕೆಲವು ಡಿಗ್ರಿ ಇಳಿಯುತ್ತದೆ, ಅಷ್ಟೇ. ಆಗ ಉಪ್ಪು, ಮೆಣಸಿನಕಾಯಿ ಮಾತ್ರ. ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಹೊಟ್ಟು ಥಂಡಿ ಹೀರಿ ನಡುದಾರಿಯಲ್ಲೇ ಆರುತ್ತದೆ, ಸ್ಮೋಕರ್ ತಾಡಪತ್ರಿಯ ಕೆಳಗೆ ಮಲಗುತ್ತದೆ.

ಪೆಟ್ಟಿಗೆಯ ಮೇಲಿನ ದೂರುಗಳು ಕಡಿಮೆಯೇನಲ್ಲ. ಬಾಗಿಲು ಮೊದಲ ದಿನದಿಂದ ಸೋರುತ್ತದೆ. ಗ್ಯಾಸ್ಕೆಟ್ ಕಳುಹಿಸಿ ಎಂದು ಮಾರಿದವರಿಗೆ ಬರೆದದ್ದಕ್ಕೆ ಇಂದಿಗೂ ಉತ್ತರವಿಲ್ಲ, ಶಾಖ ತಾಳುವ ಹಗ್ಗ ತಂದು ನಾನೇ ಅಂಟಿಸಿದೆ. ಮುಚ್ಚಳದ ಉಷ್ಣಮಾಪಕ 50 ಡಿಗ್ರಿಯಿಂದ ಶುರುವಾಗುತ್ತದೆ, ಈ ಕೆಲಸಕ್ಕೆ ಅಲಂಕಾರಕ್ಕಷ್ಟೇ. ತಂತಿಯ ಡಿಜಿಟಲ್ ಮಾಪಕ ಹಾಕಿಕೊಳ್ಳಲೇಬೇಕು. ಕಾಲುಗಳ ಬಣ್ಣ ಎರಡನೆಯ ಮಳೆಗಾಲಕ್ಕೇ ಎದ್ದುಹೋಯಿತು.

ಈಗಾಗಲೇ ಇಂಥ ಸ್ಮೋಕರ್ ಮನೆಯಲ್ಲಿದ್ದರೆ ಹೀಗೆ ಮಾರ್ಪಡಿಸಿಕೊಳ್ಳಿ, ಖರ್ಚು ಹೆಚ್ಚಿಲ್ಲ. ತಣ್ಣನೆಯ ಹೊಗೆಗೆಂದೇ ಹೊಸದನ್ನು ಕೊಳ್ಳುವ ಯೋಚನೆಯಿದ್ದರೆ ಬಿಡಿ. ಮೇಲೆ ಕೆಳಗೆ ಕಿಂಡಿ ಕೊರೆದ ಹಳೆಯ ಕಬ್ಬಿಣದ ಕಪಾಟು, ಒಳಗೊಂದು ಜಾಲರಿ ತಟ್ಟೆ ಇದ್ದರೆ ಇದೇ ಮೆಣಸಿನಕಾಯಿ ಸಿಗುತ್ತದೆ.